ಉಗ್ಗು ಮುಚ್ಚಿಡಬೇಡ ಕಣೋ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಮುಂದಿನ ಭಾನುವಾರ ಹೆಣ್ಣು ನೋಡೋಕೆ ಹೋಗ್ತಿದ್ದೀಯ. ಮನೆಯಲ್ಲಿ "ನೀನು ಜಾಸ್ತಿ ಮಾತಾಡಬೇಡ, ಅಣ್ಣ ಎಲ್ಲಾ ನೋಡ್ಕೋತಾನೆ" ಅಂದಿದ್ದಾರೆ, ನಿನಗೂ ಅದೇ ಸರಿ ಅನ್ನಿಸಿದೆ. ನನಗೆ ಸರಿ ಅನ್ನಿಸಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಮ್ಮಂಥವರು ಇನ್ನೂ ಎಷ್ಟೋ ಜನ ಇದ್ದಾರೆ, ಅವರೂ ಓದಲಿ ಅಂತ ನಿನ್ನ ಹೆಸರು ಬಿಟ್ಟು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಉಗ್ಗು ಮುಚ್ಚಿಡೋಕೆ ನಾವು ಪಡುವ ಪಾಡು ಬೇರೆಯವರಿಗೆ ಗೊತ್ತಾಗುವುದಿಲ್ಲ. ಮಲ್ಲೇಶ್ವರದ ಬಸ್ಸಲ್ಲಿ ಕಂಡಕ್ಟರ್ ಎರಡು ಸೀಟು ಆಚೆ ಇರುವಾಗಲೇ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. 'ಮ' ಬರುವುದಿಲ್ಲ, ತುಟಿ ಅಂಟಿಕೊಂಡುಬಿಡುತ್ತದೆ ಅಂತ ಮೊದಲೇ ಗೊತ್ತು. ಅದಕ್ಕೆ "ಎಂಟನೇ ಕ್ರಾಸ್" ಅನ್ನುತ್ತಿದ್ದೆ. ಮಸಾಲೆ ದೋಸೆ ಬೇಕಿದ್ದರೂ ಇಡ್ಲಿ ಹೇಳುತ್ತಿದ್ದೆ. ಹೆಸರಿಗೆ ಮಾತ್ರ ಬದಲಿ ಪದ ಇಲ್ಲ ನೋಡು, ಅದಕ್ಕೇ ನಮ್ಮಲ್ಲಿ ಬಹಳ ಜನಕ್ಕೆ ತಮ್ಮ ಹೆಸರು ಹೇಳುವುದೇ ಎಲ್ಲಕ್ಕಿಂತ ಕಷ್ಟ. ಭಾನುವಾರ ನಿನ್ನ ಹೆಸರನ್ನು ಅಣ್ಣ ಹೇಳಿಬಿಡಬಹುದು. "ಇಬ್ಬರೂ ಐದು ನಿಮಿಷ ಮಾತಾಡಿ ಬನ್ನಿ" ಅಂತ ಟೆರೇಸಿಗೆ ಕಳಿಸ್ತಾರಲ್ಲ, ಆಗ?

ನಿಮ್ಮಜ್ಜಿ ಬಜೆ ತೇಯ್ದು ನಿನ್ನ ನಾಲಿಗೆಗೆ ಹಚ್ಚುತ್ತಿದ್ದರು. ಪಾಪ, ಪ್ರೀತಿಯಿಂದಲೇ. ಆದರೆ ನಾಲಿಗೆಯಲ್ಲಿ ದೋಷ ಏನೂ ಇಲ್ಲ. ಮೆದುಳು ಮಾತನ್ನು ಜೋಡಿಸುವ ರೀತಿ ನಮ್ಮಲ್ಲಿ ಸ್ವಲ್ಪ ಬೇರೆ, ವಂಶದಲ್ಲೂ ಬರುತ್ತದೆ. ಬಹಳಷ್ಟು ಮಕ್ಕಳಿಗೆ ಬೆಳೆಯುತ್ತಾ ತಾನಾಗಿಯೇ ಹೋಗುತ್ತದೆ. ದೊಡ್ಡವರಾದ ಮೇಲೂ ಸುಮಾರು 100ಕ್ಕೆ ಒಬ್ಬರಿಗೆ ಉಳಿಯುತ್ತದೆ, ಗಂಡಸರಿಗೇ ಹೆಚ್ಚು. ಭಯದಿಂದ ಉಗ್ಗು ಹುಟ್ಟಿದ್ದಲ್ಲ, ಆದರೆ ಭಯ ಬಂದರೆ ಗಂಟಲು ಇನ್ನೂ ಬಿಗಿಯಾಗುತ್ತದೆ. ಭಜನೆಯಲ್ಲಿ ಎಲ್ಲರ ಜೊತೆ ಹಾಡುವಾಗ ನಿನಗೆ ಒಂದಕ್ಷರವೂ ಸಿಕ್ಕಿಕೊಳ್ಳುವುದಿಲ್ಲ, ಅಲ್ವಾ?

"ಹದಿನೈದು ದಿನದಲ್ಲಿ ಗ್ಯಾರಂಟಿ ಗುಣ" ಅನ್ನುವ ಬೋರ್ಡುಗಳನ್ನು ನಂಬಬೇಡ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಒಂದು ಸಲ ಹೋಗಿ ತೋರಿಸು. ಮೊದಲ ಅಕ್ಷರವನ್ನು ಮೆಲ್ಲಗೆ ಎಳೆದು ಶುರುಮಾಡುವಂಥ ಅಭ್ಯಾಸಗಳನ್ನು ಸ್ಪೀಚ್ ಥೆರಪಿಯಲ್ಲಿ ಹೇಳಿಕೊಡುತ್ತಾರೆ.

ನನಗೆ ಎಲ್ಲಕ್ಕಿಂತ ಉಪಯೋಗವಾದದ್ದು ಬೇಕಂತಲೇ ಉಗ್ಗುವುದು. ಹೌದು, ಅದೂ ಒಂದು ಅಭ್ಯಾಸವೇ. ಮೆಡಿಕಲ್ ಶಾಪಿಗೆ ಹೋಗಿ, ಅಂಗಡಿಯವರ ಮುಖ ನೋಡುತ್ತಲೇ "ಪ್‌... ಪ್‌... ಪ್ಯಾರಾಸಿಟಮಾಲ್" ಅಂದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಹಿಂದೆ ತಿರುಗಿ ಡಬ್ಬ ತೆಗೆಯುತ್ತಾ "ಐನೂರಾ, ಆರುನೂರೈವತ್ತಾ?" ಅಂದರು. ಅಷ್ಟೇ. ಆಚೆ ಬಂದಾಗ ನನ್ನ ಅಂಗೈ ಒದ್ದೆಯಾಗಿತ್ತು, ಆದರೆ ಎದೆ ಹಗುರ ಆಗಿತ್ತು. ಆಮೇಲೆ ಬಸ್ಸಲ್ಲಿ, ಬ್ಯಾಂಕಲ್ಲಿ, ಆಫೀಸಿನ ಮೀಟಿಂಗಲ್ಲೂ ಹಾಗೇ ಮಾಡಿದೆ. ಕೆಲವರು ನಕ್ಕರು, ಸುಳ್ಳು ಹೇಳಲ್ಲ. ಜಾಸ್ತಿ ಜನ ಸುಮ್ನೆ ಕಾದರು. ಉಗ್ಗು ಈಗಲೂ ಇದೆ. ಆದರೆ ಮಲ್ಲೇಶ್ವರಕ್ಕೆ ಮಲ್ಲೇಶ್ವರ ಅಂತಲೇ ಟಿಕೆಟ್ ಕೇಳುತ್ತೇನೆ.

ಟೆರೇಸಿನಲ್ಲಿ ನೀನೇ ಮೊದಲು ಹೇಳಿಬಿಡು: "ನನಗೆ ಉಗ್ಗು ಇದೆ. ಕೆಲವು ಸಲ ಮಾತು ನಿಲ್ಲುತ್ತೆ. ಸ್ವಲ್ಪ ಕಾಯಿರಿ, ನಾನೇ ಹೇಳಿ ಮುಗಿಸ್ತೀನಿ." ಅವರು ಬೇಡ ಅನ್ನಬಹುದು. ಅಂದರೆ ನೋವಾಗುತ್ತದೆ. ಆದರೆ ಮುಚ್ಚಿಟ್ಟು ಮದುವೆಯಾದರೆ ಮನೆಯೊಳಗೂ ಪದ ಹುಡುಕುತ್ತಲೇ ಇರಬೇಕಲ್ಲೋ. ಅದು ನಿನಗೆ ಬೇಡ. ಆ ಹುಡುಗಿಗೂ ಅನ್ಯಾಯ.

ಅಮ್ಮನಿಗೂ ಅಣ್ಣನಿಗೂ ಇದನ್ನು ಇವತ್ತೇ ತಿಳಿಸು, ಅಲ್ಲಿ ಹೋದ ಮೇಲೆ ಅವರು ಗಾಬರಿಯಾಗಬಾರದು. ಭಾನುವಾರದವರೆಗೆ ದಿನಾ ರಾತ್ರಿ ನನಗೆ ಫೋನ್ ಮಾಡು, ಮೆಸೇಜ್ ಬೇಡ. ಆ ಮಾತನ್ನು ನನ್ನ ಹತ್ತಿರ ಹೇಳಿ ಹೇಳಿ ರೂಢಿ ಮಾಡಿಕೋ.

ಇಂತಿ,
ನಿನ್ನ ಗೆಳೆಯ