ನಿಶ್ಶಬ್ದವೂ ಅಂದಾಜು ಪಟ್ಟಿಯಲ್ಲಿ ಸೇರಲಿ

ಮಾನ್ಯರೇ,

ಡಿ.ಜೆ., ಕರ್ಕಶ ಹಾರ್ನ್, ಹೊತ್ತು ಮೀರಿದ ಧ್ವನಿವರ್ಧಕಗಳ ಬಗ್ಗೆ ಓದುಗರ ಪತ್ರಗಳು ಆಗಾಗ ಪ್ರಕಟವಾಗುತ್ತಲೇ ಇರುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಪೊಲೀಸರು ಕಟ್ಟುನಿಟ್ಟಿನ ಕ್ರಮ ಕೈಗೊಳ್ಳಬೇಕೆಂಬ ಒತ್ತಾಯದೊಂದಿಗೆ ಮುಗಿಯುತ್ತವೆ. ಆ ಒತ್ತಾಯ ನ್ಯಾಯವಾದದ್ದೇ. ಆದರೆ ದಾವಣಗೆರೆಯಲ್ಲಿ ದಿನವಿಡೀ ನಮ್ಮ ಕಿವಿಯನ್ನು ದಣಿಸುವ ಗದ್ದಲದ ಎಷ್ಟೋ ಪಾಲಿಗೆ ಯಾವ ಕಾನೂನುಭಂಗವೂ ಕಾರಣವಲ್ಲ, ನಾವು ಕಟ್ಟಿಕೊಳ್ಳುತ್ತಿರುವ ಕಟ್ಟಡಗಳೇ ಕಾರಣ ಎಂಬ ಮಾತನ್ನು ಯಾರೂ ಎತ್ತುತ್ತಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಾನೂನಿನ ಕೊರತೆಯಂತೂ ನಮಗಿಲ್ಲ. ಶಬ್ದ ಮಾಲಿನ್ಯ ನಿಯಂತ್ರಣದ ನಿಯಮಗಳು 2000ನೇ ಇಸವಿಯಲ್ಲೇ ಬಂದಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್, ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40 ಡೆಸಿಬೆಲ್ ಎಂಬ ಮಿತಿಯನ್ನು ಅವು ಹಾಕಿವೆ. ಬಸ್ಸಿನಲ್ಲಿ ಮೊಬೈಲ್‌ನ ಸ್ಪೀಕರ್ ಹಾಕಿಕೊಂಡು ಹಾಡು, ವಿಡಿಯೊ ಕೇಳಿಸುವುದನ್ನು ನಮ್ಮ ರಾಜ್ಯದ ಸಾರಿಗೆ ಸಂಸ್ಥೆ 2021ರ ನವೆಂಬರ್‌ನಲ್ಲಿ ಹೈಕೋರ್ಟಿನ ಆದೇಶದ ಮೇರೆಗೆ ನಿಷೇಧಿಸಿತು. ಅದು ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದನ್ನು ಬಸ್ಸಿನಲ್ಲಿ ಓಡಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಗಮನ ಸೆಳೆಯಬೇಕೆಂದಿರುವುದು ನಮ್ಮ ಕಲ್ಯಾಣ ಮಂಟಪಗಳತ್ತ, ಸಮುದಾಯ ಭವನಗಳತ್ತ, ಶಾಲಾ ಕೊಠಡಿಗಳತ್ತ. ಇತ್ತೀಚೆಗೆ ಕಟ್ಟಿದ ಯಾವುದೇ ಮಂಟಪದ ಊಟದ ಹಾಲ್‌ಗೆ ಹೋಗಿ ನೋಡಿ: ನೆಲಕ್ಕೆ ಗ್ರಾನೈಟ್, ಗೋಡೆಗೆ ಆಳೆತ್ತರದವರೆಗೆ ಟೈಲ್ಸ್, ಮೇಲೆ ಕಾಂಕ್ರೀಟ್ ಅಥವಾ ತಗಡಿನ ಶೀಟು, ಕಿಟಕಿಗಳಿಗೆ ಗಾಜು. ತೊಳೆಯಲು ಸುಲಭ, ನೋಡಲು ಹೊಳಪು. ಆದರೆ ಇಂಥ ನುಣುಪಾದ ಗಟ್ಟಿ ಮೇಲ್ಮೈಗಳಲ್ಲಿ ಹೆಚ್ಚಿನವು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನು ಸಹ ಹೀರಿಕೊಳ್ಳುವುದಿಲ್ಲ. ಉಳಿದದ್ದೆಲ್ಲ ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಮಂದಿರದಲ್ಲಿ ಮಾತೇ ಅರ್ಥವಾಗುತ್ತಿಲ್ಲವೆಂಬ ದೂರು ಬಂದಾಗ ವಾಲೆಸ್ ಸಬೀನ್ ಎಂಬ ಯುವ ಭೌತವಿಜ್ಞಾನಿ 1895ರಲ್ಲಿ ಅಲ್ಲಿಗೆ ಕುರ್ಚಿಯ ಮೆತ್ತೆಗಳನ್ನು ತಂದು ಹಾಸಿ, ತೆಗೆದು, ಮತ್ತೆ ಹಾಸಿ, ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯತೊಡಗಿದರು. ಅಲ್ಲಿಂದ ಬಂದ ಸೂತ್ರವನ್ನೇ ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ಮೂವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ, ಆರು ಮೀಟರ್ ಎತ್ತರದ ಖಾಲಿ ಹಾಲ್‌ನ ಎಲ್ಲ ಮೇಲ್ಮೈಗಳೂ ನೂರಕ್ಕೆ ಐದರಷ್ಟು ಮಾತ್ರ ಹೀರುವಂಥವಾದರೆ, ಎದ್ದ ಸದ್ದು ಅಡಗಲು ಆ ಸೂತ್ರದ ಪ್ರಕಾರ ಆರು ಸೆಕೆಂಡಿಗೂ ಹೆಚ್ಚು ಬೇಕು. ಅದೇ ಹಾಲ್‌ನ ಮೇಲ್ಛಾವಣಿಯ ಒಳಮೈಗೆ ಮಾತ್ರ ನೂರಕ್ಕೆ ಅರವತ್ತರಷ್ಟು ಹೀರುವ ಹೊದಿಕೆ ಹಾಕಿದರೆ ಅದು ಒಂದೂವರೆ ಸೆಕೆಂಡಿನ ಒಳಗೆ ಇಳಿಯುತ್ತದೆ. ಮಾತು ಸ್ಪಷ್ಟವಾಗಿ ಕೇಳಲು ಸುಮಾರು ಒಂದು ಸೆಕೆಂಡು ಸೂಕ್ತವೆಂಬುದನ್ನು ನೆನೆದರೆ, ಮೊದಲಿನ ಹಾಲ್‌ನಲ್ಲಿ ಪಕ್ಕದ ಎಲೆಯವರನ್ನು ಕ್ಷೇಮಸಮಾಚಾರ ಕೇಳಲು ಸಹ ಏಕೆ ಕೂಗಬೇಕಾಗುತ್ತದೆಂಬುದು ತಿಳಿಯುತ್ತದೆ.

ಅಷ್ಟಕ್ಕೇ ಅದು ನಿಲ್ಲುವುದಿಲ್ಲ. ಸುತ್ತ ಸದ್ದಿದ್ದಾಗ ಮನುಷ್ಯ ತನಗೆ ಅರಿವಿಲ್ಲದೆಯೇ ದನಿ ಏರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಗುರುತಿಸಿದರು. ಒಬ್ಬರು ಏರಿಸಿದ ದನಿ ಮತ್ತೊಬ್ಬರಿಗೆ ಗದ್ದಲ, ಅವರೂ ಏರಿಸುತ್ತಾರೆ, ವಾಲಗದವರು ತಮ್ಮ ಮೈಕ್ ಏರಿಸುತ್ತಾರೆ. ನಮ್ಮ ಜನಕ್ಕೆ ಮೆಲ್ಲಗೆ ಮಾತನಾಡಲು ಬರುವುದಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಅವರು ಒಮ್ಮೆ ಮೇಲೆ ನೋಡಿ ಆ ತಗಡಿನ ಶೀಟನ್ನು ಪರಿಶೀಲಿಸುವುದು ಒಳ್ಳೆಯದು.

ಮಂಟಪದ ಗದ್ದಲ ಒಂದು ಮಧ್ಯಾಹ್ನದ ಮಾತಾದರೆ ಶಾಲೆಯದು ಹಾಗಲ್ಲ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಎತ್ತರಿಸಿದ ರೈಲುಮಾರ್ಗದ ಪಕ್ಕದಲ್ಲೇ ಇದ್ದ ಒಂದು ಶಾಲೆಯನ್ನು ಆರ್ಲೀನ್ ಬ್ರಾನ್‌ಜಾಫ್ಟ್ ಎಂಬ ಮನೋವಿಜ್ಞಾನಿ ಅಧ್ಯಯನ ಮಾಡಿ 1975ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ಉಲ್ಲೇಖಾರ್ಹ. ರೈಲಿನ ಕಡೆಯ ಕೊಠಡಿಗಳಲ್ಲಿ ಕುಳಿತ ಮಕ್ಕಳು ಅದೇ ಶಾಲೆಯ ಶಾಂತ ಬದಿಯ ಮಕ್ಕಳಿಗಿಂತ ಓದಿನಲ್ಲಿ ಹಿಂದಿದ್ದರು. ಆರನೇ ತರಗತಿಯ ಹೊತ್ತಿಗೆ ಆ ಅಂತರ ಸುಮಾರು ಒಂದು ವರ್ಷದ ಓದಿನಷ್ಟಾಗಿತ್ತು. ಮುಂದೆ ಹಳಿಯ ಕೆಳಗೆ ರಬ್ಬರ್ ಪಟ್ಟಿಗಳನ್ನೂ ಕೊಠಡಿಗಳ ಒಳಛಾವಣಿಗೆ ಸದ್ದು ಹೀರುವ ಹಲಗೆಗಳನ್ನೂ ಹಾಕಿದ ಮೇಲೆ ನಡೆದ ಮರು ಅಧ್ಯಯನದಲ್ಲಿ ಅಂತರವೇ ಕಾಣಲಿಲ್ಲ. ಮಕ್ಕಳಿಗೆ ಯಾವ ಹೆಚ್ಚಿನ ಪಾಠವನ್ನೂ ಮಾಡಿರಲಿಲ್ಲ, ಕಟ್ಟಡವನ್ನು ಸರಿಪಡಿಸಿದ್ದರು, ಅಷ್ಟೆ. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗ ಊರಿನ ನಡುವೆಯೇ ಹಾದುಹೋಗುವ, ವಿದ್ಯಾನಗರಿಯೆಂದು ಹೆಮ್ಮೆಪಡುವ ದಾವಣಗೆರೆಗೆ ಇದು ದೂರದ ದೇಶದ ಕಥೆಯಾಗಬಾರದು. ಪಾಠ ನಡೆಯುವಾಗ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ; ರಸ್ತೆಗೆ ಕಿಟಕಿ ತೆರೆದ, ಬರಿಗೋಡೆಯ ಕೊಠಡಿಯಲ್ಲಿ ಆ ಮಿತಿ ಕನಸಿನ ಮಾತು.

ಹಬ್ಬ ಜಾತ್ರೆಗಳ ಸದ್ದನ್ನು ನಾನು ವಿರೋಧಿಸುತ್ತಿದ್ದೇನೆಂದು ದಯವಿಟ್ಟು ಯಾರೂ ಭಾವಿಸಬಾರದು. ದುಗ್ಗಮ್ಮನ ಜಾತ್ರೆಯಲ್ಲಿ ಡೊಳ್ಳು, ಹಲಗೆ, ಉರುಮೆ ಇಲ್ಲದಿದ್ದರೆ ಅದು ಜಾತ್ರೆಯೇ ಅಲ್ಲ. ಹಲಗೆ ಬಡಿಯುವವನ ತೋಳು ದಣಿಯುತ್ತದೆ, ಮೇಳ ಒಂದು ಬೀದಿಯಿಂದ ಇನ್ನೊಂದಕ್ಕೆ ಸಾಗುತ್ತದೆ, ನಡುವೆ ಬಿಡುವು ತಾನಾಗಿ ಒದಗುತ್ತದೆ. ಲಾರಿಯ ಮೇಲಿನ ಡಿ.ಜೆ.ಗೆ ಅಂಥ ದಣಿವಿಲ್ಲ, ಮತ್ತು ಅದರ ತಗ್ಗು ಸ್ವರದ ಹೊಡೆತವನ್ನು ಒಂಬತ್ತಿಂಚಿನ ಗೋಡೆಯೂ ಪೂರ್ತಿ ತಡೆಯಲಾರದು. ಇದೇ ಸೀಮೆಯ ಮನೆಮನೆಗಳಲ್ಲಿ ಅಂಗೈಯಲ್ಲಿಟ್ಟುಕೊಂಡು ಮಾಡುವ ಇಷ್ಟಲಿಂಗ ಪೂಜೆಗೆ ಗಂಟೆಯೂ ಬೇಕಿಲ್ಲ, ಜನರೂ ಬೇಕಿಲ್ಲ. ಜಾತ್ರೆಯ ಡೊಳ್ಳು, ಈ ಮೌನದ ಪೂಜೆ ಎರಡೂ ನಮ್ಮವೇ. ಎರಡನೆಯದಕ್ಕೆ ಬೇಕಾದ ಜಾಗವನ್ನು ಇಂದಿನ ಮನೆಗಳಲ್ಲಿ ಯಾರು ಉಳಿಸಿದ್ದಾರೆ?

ಹಿಂದಿನವರು ಈ ಲೆಕ್ಕವನ್ನು ಸೂತ್ರವಿಲ್ಲದೆಯೇ ಬಲ್ಲವರಾಗಿದ್ದರೆಂದು ತೋರುತ್ತದೆ. ನಮ್ಮ ಜಿಲ್ಲೆಯ ಸಂತೇಬೆನ್ನೂರಿನಲ್ಲಿ ಹದಿನಾರನೇ ಶತಮಾನದ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿಯ ಮೆಟ್ಟಿಲುಗಳನ್ನು ಇಳಿಯುತ್ತ ಹೋದಂತೆ ಮೇಲಿನ ಬೀದಿಯ ಸದ್ದು ಅಂಚಿನ ಕಲ್ಲುಗಳಾಚೆಯೇ ನಿಲ್ಲುತ್ತದೆ. ನೀರಿಗಾಗಿ ಮತ್ತು ಸೊಬಗಿಗಾಗಿ ಕಟ್ಟಿದ್ದಿರಬಹುದು. ಆದರೂ ನೆಲಮಟ್ಟದಿಂದ ಕೆಳಗಿಳಿಸಿ ಕಟ್ಟಿದ ಜಾಗಕ್ಕೆ ಸದ್ದು ನೇರವಾಗಿ ತಲುಪುವುದಿಲ್ಲವೆಂಬ ಗುಣ ಅದರ ವಿನ್ಯಾಸದಲ್ಲೇ ಇದೆ. ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆಗಳ ತಂಪನ್ನು ಎಲ್ಲರೂ ಹೊಗಳುತ್ತಾರೆ, ಅವುಗಳ ಶಾಂತಿಯನ್ನು ಹೊಗಳುವವರು ಕಡಿಮೆ. ಹಾಗೆಂದು ಹಳೆಯದೆಲ್ಲ ಶಾಂತವಾಗಿತ್ತು ಎನ್ನಲಾರೆ. ಈ ಊರನ್ನು ಬೆಳೆಸಿದ ಹತ್ತಿ ಗಿರಣಿಗಳ ಮಗ್ಗದ ಸದ್ದು ಅಲ್ಲಿ ದುಡಿದವರ ಕಿವಿಗಳ ಮೇಲೆ ಏನು ಮಾಡಿತೆಂಬುದನ್ನು ಅವರ ಮನೆಯವರು ಬಲ್ಲರು.

ಪರಿಹಾರ ದುಬಾರಿಯೆಂಬ ಆಕ್ಷೇಪ ಬರುತ್ತದೆಂದು ಗೊತ್ತು. ಆಮದು ಹಲಗೆಗಳನ್ನೇ ತರಿಸಬೇಕೆಂದೇನೂ ಇಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕುರಿ ಉಣ್ಣೆಯ ಕಂಬಳಿಗೆ ಹೆಸರಾದ ಊರು; ಉಣ್ಣೆ ಸದ್ದನ್ನು ಚೆನ್ನಾಗಿ ಹೀರುತ್ತದೆ, ಸುಲಭವಾಗಿ ಹೊತ್ತಿಕೊಳ್ಳುವುದೂ ಇಲ್ಲ. ಮರದ ಚೌಕಟ್ಟಿಗೆ ಗೋಡೆಯಿಂದ ಒಂದೆರಡು ಇಂಚು ಬಿಟ್ಟು ಕಂಬಳಿ ಬಿಗಿದು ತೂಗುಹಾಕಿದರೆ ಒಂದು ಸಭಾಂಗಣದ ಮಾತು ತಿಳಿಯಾಗುತ್ತದೆ, ಮಾರುಕಟ್ಟೆಯಿಲ್ಲದೆ ಸೊರಗುತ್ತಿರುವ ನೇಕಾರರಿಗೂ ಕೆಲಸ ಸಿಗುತ್ತದೆ. ಕರಿ ಕಂಬಳಿಯ ಗೋಡೆ ನೋಡಲು ಚೆನ್ನಾಗಿಯೂ ಇರುತ್ತದೆಂಬುದು ನನ್ನ ಅಭಿಪ್ರಾಯ, ಒಪ್ಪದವರು ಬೇರೆ ಬಣ್ಣ ಹಚ್ಚಿಸಿಕೊಳ್ಳಲಿ.

ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯಲ್ಲಿ ಧ್ವನಿ ವಿನ್ಯಾಸ ಮತ್ತು ಸದ್ದಿನ ನಿಯಂತ್ರಣಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಆದ್ದರಿಂದ ಪಾಲಿಕೆ, ಲೋಕೋಪಯೋಗಿ ಇಲಾಖೆ ಮತ್ತು ಶಿಕ್ಷಣ ಇಲಾಖೆಗಳಲ್ಲಿ ನನ್ನ ಕೋರಿಕೆ ಇಷ್ಟೆ: ಇನ್ನು ಮುಂದೆ ಸಮುದಾಯ ಭವನ, ಗ್ರಂಥಾಲಯ ಅಥವಾ ಶಾಲಾ ಕೊಠಡಿಯ ಅಂದಾಜು ಪಟ್ಟಿ ತಯಾರಿಸುವಾಗ ಟೈಲ್ಸ್, ಬಣ್ಣ, ವಿದ್ಯುತ್ ದೀಪಗಳ ಸಾಲಿನಲ್ಲೇ ಸದ್ದು ಹೀರುವ ಒಳಹೊದಿಕೆಗೂ ಒಂದು ಬಾಬ್ತು ಇರಲಿ, ಕಾಮಗಾರಿ ಮುಗಿದ ಮೇಲೆ ಗುತ್ತಿಗೆದಾರರ ಕೊನೆಯ ಬಿಲ್ಲಿಗೆ ಸಹಿ ಹಾಕುವ ಮುನ್ನ ಆ ಕೊಠಡಿಯ ಕೊನೆಯ ಬೆಂಚಿನಲ್ಲಿ ಒಬ್ಬರನ್ನು ಕೂರಿಸಿ, ಮುಂದಿನಿಂದ ಮೈಕ್ ಇಲ್ಲದೆ ಒಂದು ಪುಟ ಓದಿಸಿ, ಎಷ್ಟು ಅರ್ಥವಾಯಿತೆಂದು ಕೇಳಿ ದಾಖಲಿಸಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ದಾವಣಗೆರೆ