ಹಸಿವಿನ ಲೆಕ್ಕ ದೊಡ್ಡವರಿಂದ ಶುರುವಾಗಲಿ

ಮಾನ್ಯರೆ,

ಮನೆಯಲ್ಲಿ ಆಹಾರದ ಕೊರತೆ ಇದೆಯೇ ಎಂದು ತಿಳಿಯಲು ಮಕ್ಕಳ ತೂಕ, ತೋಳಿನ ಸುತ್ತಳತೆ ನೋಡಿ ಸುಮ್ಮನಾಗುವುದು ಸಾಲದು. ಕೈ ಬಿಗಿಯಾದಾಗ ಮೊದಲು ಊಟ ಕಡಿಮೆ ಮಾಡಿಕೊಳ್ಳುವವರು ಸಾಮಾನ್ಯವಾಗಿ ದೊಡ್ಡವರು, ಅದರಲ್ಲೂ ತಾಯಿ. ಮಕ್ಕಳ ತೂಕ ಇಳಿಯುವ ಹೊತ್ತಿಗೆ ಈ ದೊಡ್ಡವರು ಎಷ್ಟೋ ದಿನ ಅರೆಹೊಟ್ಟೆಯಲ್ಲಿ ಕಳೆದಿರುತ್ತಾರೆ.

ದೊಡ್ಡವರನ್ನೇ ಕೇಳುವ ಪ್ರಶ್ನಾವಳಿಗಳಿಗೆ ಬರವಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯದರಲ್ಲಿ ಇರುವುದು 8 ಪ್ರಶ್ನೆ. ಊಟಕ್ಕೇನು ಗತಿ ಎಂಬ ಚಿಂತೆಯಿಂದ ಹೊರಟು, ಒಂದೆರಡು ಬಗೆಯ ಆಹಾರದಲ್ಲೇ ದಿನ ದೂಡುವುದು, ಒಂದು ಹೊತ್ತು ಬಿಡುವುದು, ಕೊನೆಗೆ ಇಡೀ ದಿನ ಏನೂ ತಿನ್ನದಿರುವುದರವರೆಗೆ ಹೋಗುತ್ತದೆ. ‘ಹಣ ಅಥವಾ ಬೇರೆ ಅನುಕೂಲ ಇಲ್ಲದ ಕಾರಣ’ ಎಂಬ ಮಾತು ಪ್ರತಿ ಪ್ರಶ್ನೆಯಲ್ಲೂ ಬರಲೇಬೇಕು. ಹೇಳಿದ್ದನ್ನೇ ಹೇಳಲು ಬೇಸರವೆಂದು ಸಮೀಕ್ಷಕರು ಅದನ್ನು ನುಂಗಿಬಿಟ್ಟರೆ, ಹುಷಾರಿಲ್ಲದೆಯೋ ತೂಕ ಇಳಿಸಲೆಂದೋ ಊಟ ಬಿಟ್ಟವರೂ ಲೆಕ್ಕಕ್ಕೆ ಸೇರಿಕೊಳ್ಳುತ್ತಾರೆ. ಇದೇ ಪ್ರಶ್ನೆಗಳನ್ನು ಕಳೆದ 12 ತಿಂಗಳ ಬಗ್ಗೆ ಕೇಳಿ ಬಂದ ಅಂಕಿಯನ್ನು ಕಳೆದ 30 ದಿನದ ಬಗ್ಗೆ ಕೇಳಿ ಬಂದ ಅಂಕಿಯ ಪಕ್ಕ ಇಟ್ಟು ‘ಹಸಿವು ಇಳಿಯಿತು’ ಎನ್ನುವುದಂತೂ ಶುದ್ಧ ತಪ್ಪು.

ಕಳೆದ 7 ದಿನ ಮನೆಯವರು ಹೇಗೆ ನಿಭಾಯಿಸಿದರು ಎಂದು ಕೇಳುವ ಇನ್ನೊಂದು ಸೂಚ್ಯಂಕವಿದೆ. ಅಗ್ಗದ, ಇಷ್ಟವಿಲ್ಲದ ಆಹಾರ ತಿಂದ ದಿನಕ್ಕೆ 1 ಅಂಕ. ಪ್ರಮಾಣ ತಗ್ಗಿಸಿದರೆ 1. ಊಟದ ಹೊತ್ತು ಕಡಿಮೆ ಮಾಡಿದರೆ 1. ಸಾಲ ಅಥವಾ ನೆಂಟರ ನೆರವು ಪಡೆದರೆ 2. ಮಕ್ಕಳಿಗೆ ಉಳಿಯಲೆಂದು ದೊಡ್ಡವರು ಕಡಿಮೆ ತಿಂದರೆ 3. ವಾರವಿಡೀ ಅಗ್ಗದ್ದನ್ನು ತಿಂದ ಮನೆಗೆ 7 ಬಂದರೆ, ದೊಡ್ಡವರು 4 ದಿನ ಹೊಟ್ಟೆ ಕಟ್ಟಿದ ಮನೆಗೆ 12. ಆದರೆ ಸಂಬಳವಾದ ಮರುವಾರ ಹೋಗಿ ಕೇಳಿದರೆ ಇದೂ ಹುಸಿಯಾದೀತು.

ಉತ್ತರಿಸುವವರು ಯಾರೆಂಬುದೂ ಮುಖ್ಯ. ಯಜಮಾನನಿಗೆ ಅಡುಗೆಮನೆಯ ಕೊರತೆ ಗೊತ್ತೇ ಇರದಿರಬಹುದು. ಮಕ್ಕಳ ಎದುರು ಕೇಳಿದರೆ ತಾಯಿ ‘ಹಾಗೇನಿಲ್ಲ’ ಎನ್ನುತ್ತಾಳೆ. ಪ್ರತ್ಯೇಕವಾಗಿ ಕೂರಿಸಿ ಕೇಳಬೇಕು.

ವೈದ್ಯರೂ ಕೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ದುಡ್ಡಿಲ್ಲದೆ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡೋಸ್ ಏರಿಸುವ ಮುನ್ನ ‘ತಿಂಗಳ ಕೊನೆಯಲ್ಲಿ ಊಟಕ್ಕೆ ತೊಂದರೆಯಾಗುತ್ತದೆಯೇ?’ ಎಂದು ವಿಚಾರಿಸಲು ಅರ್ಧ ನಿಮಿಷ ಸಾಕು.

– ಸಮೀಕ್ಷಾ ಕಾರ್ಯಕರ್ತರು