ಸಿನಿಮಾದ ‘ಶಾಕ್’ ದೃಶ್ಯಗಳ ಬಗ್ಗೆ
ಕಾಸರಗೋಡಿನ ಸಿನಿಮಾ ಬಳಗದ ಸದಸ್ಯರೇ, ಮಲಯಾಳವಿರಲಿ, ಕನ್ನಡವಿರಲಿ, ರೋಗಿಗೆ ‘ಶಾಕ್’ ಕೊಡುವ ದೃಶ್ಯದ ತುಣುಕುಗಳನ್ನು ಇಲ್ಲಿ ತಮಾಷೆಗೆ ಹಾಕಬೇಡಿ. ಎಚ್ಚರವಿರುವವರನ್ನು ಕಟ್ಟಿಹಾಕಿ ಕರೆಂಟ್ ಕೊಡುವುದು ಕಾನೂನುಬಾಹಿರ: 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಅರಿವಳಿಕೆ, ಸ್ನಾಯು ಸಡಿಲಿಸುವ ಮದ್ದು ಎರಡೂ ಇಲ್ಲದೆ ಇಸಿಟಿ (ಮಿದುಳಿಗೆ ಕರೆಂಟ್ ಹಾಯಿಸುವ ‘ಶಾಕ್’ ಚಿಕಿತ್ಸೆ) ಮಾಡುವಂತಿಲ್ಲ. ರೋಗಿ ನಿದ್ದೆಯಲ್ಲಿರುತ್ತಾರೆ, ಕರೆಂಟ್ ಹರಿಯುವುದು ಕೆಲವೇ ಸೆಕೆಂಡು. ಆಮೇಲೆ ತಲೆನೋವು, ಒಂದಷ್ಟು ಮರೆವು ಬರಬಹುದು, ನಿಜ. ಆದರೆ ತೀವ್ರ ಖಿನ್ನತೆಯಲ್ಲಿ ಅನ್ನನೀರು ಬಿಟ್ಟವರ ಜೀವ ಉಳಿಸುವ ಚಿಕಿತ್ಸೆಯಿದು. ಅದನ್ನು ಶಿಕ್ಷೆಯಂತೆ ತೋರಿಸುವುದು ಅನ್ಯಾಯ.

ಒಂದೇ ರಾತ್ರಿಯಲ್ಲಿ ಗುಣಪಡಿಸುವ ಸಿನಿಮಾ ಡಾಕ್ಟರರೂ ಅಷ್ಟೇ ಅಪಾಯ. ಖಿನ್ನತೆಯ ಮಾತ್ರೆಯ ಗುಣ ಕಾಣಲು 2ರಿಂದ 4 ವಾರ ಬೇಕು. ಹುಷಾರಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ಮುಂದುವರಿಸಬೇಕು. ಇದು ಗೊತ್ತಿಲ್ಲದವರು ವಾರದೊಳಗೇ ನಿಲ್ಲಿಸಿಬಿಡುತ್ತಾರೆ.

ಸಹಾಯ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್: 14416, ಉಚಿತ, 24 ಗಂಟೆ.